ಮಗ್ಗದ ಮುಂದೆ ಬಾಯಿ ಯಾರಿಗೆ ಬೇಕು?

ಕಾರ್ಮಿಕರ ಸುರಕ್ಷತೆಯ ಹೊಣೆ ಹೊತ್ತು ಬಸವಳಿದಿರುವ ಅಧಿಕಾರಿಗಳೇ,

ನೀವು ನನ್ನ ಅತ್ತೆಯ ಕೆಲಸ ಕಿತ್ತುಕೊಂಡಿದ್ದೀರಿ. ‘ಸೇವೆಯಿಂದ ಬಿಡುಗಡೆಗೊಳಿಸಲಾಗಿದೆ’ ಎಂದು ಆದೇಶದಲ್ಲಿದೆ, ಜೈಲಿನಿಂದ ಬಿಟ್ಟು ಕಳಿಸಿದ ಹಾಗೆ. ಕಾರಣವನ್ನೂ ಕೊಟ್ಟಿದ್ದೀರಿ: ಲಕ್ವ ಹೊಡೆದು ಮಾತು ಕಳೆದುಕೊಂಡವಳು, ಅಪಾಯದ ಹೊತ್ತಿನಲ್ಲಿ ಕೂಗಿ ಎಚ್ಚರಿಸಲಾರಳು, ಆದಕಾರಣ ಮಗ್ಗದ ಶೆಡ್ಡಿಗೆ ಯೋಗ್ಯಳಲ್ಲ. ಸ್ವಾಮೀ, ಇದನ್ನು ಬರೆಯುವ ಮೊದಲು ತಾವು ಒಮ್ಮೆಯಾದರೂ ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟಿದ್ದೀರಾ? ಇಟ್ಟಿದ್ದರೆ ‘ಕೂಗಿ’ ಎಂಬ ಪದ ಬರೆಯಲು ನಿಮ್ಮ ಪೆನ್ನಿಗೇ ನಾಚಿಕೆಯಾಗುತ್ತಿತ್ತು.

ನೀವು ಬರದಿದ್ದರೆ ಹೋಗಲಿ, ನಾನೇ ಒಳಗೆ ಕರೆದೊಯ್ಯುತ್ತೇನೆ. ನಮ್ಮ ಶೆಡ್ಡಿನಲ್ಲಿ ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತವೆ. ಲಾಳಿ ಅತ್ತಿಂದಿತ್ತ ಹೊಡೆದಾಡುವ ರಭಸಕ್ಕೆ ನೆಲ ಅದುರುತ್ತದೆ. ಪಕ್ಕದವಳ ಕಿವಿಗೆ ಬಾಯಿ ಹಚ್ಚಿ ಕಿರುಚಿದರೂ ಅವಳಿಗೆ ತಾಗುವುದು ಉಸಿರಿನ ಬಿಸಿ ಮಾತ್ರ. ಹಾಗಂತ ಸುಮ್ಮನಿರುವ ಜಾತಿಯವರೇ ನಾವು? ಕೈಯಲ್ಲಿ ಮಾತಾಡುತ್ತೇವೆ. ಎರಡು ಬೆರಳು ಕತ್ತರಿಯಾಡಿಸಿದರೆ ಎಳೆ ಹರಿದಿದೆ ಎಂದು. ಮುಷ್ಟಿ ತಿರುವಿದರೆ ಮಗ್ಗ ನಿಲ್ಲಿಸು. ಇಲ್ಲದ ಮೀಸೆ ತಿರುವಿದರೆ ಮೇಸ್ತ್ರಿ ಬಂದ. ಹೊಟ್ಟೆಯ ಮುಂದೆ ಗಾಳಿಯಲ್ಲಿ ಒಂದು ಗುಡಾಣ ಬಿಡಿಸಿದರೆ ಸಾಕ್ಷಾತ್ ಮಾಲೀಕರು. ಯಾರ ಮಗಳು ಯಾರ ಹಿಂದೆ ಹೋದಳು, ಯಾರ ಗಂಡ ಕುಡಿದು ಮೆಟ್ಟಿಲ ಮೇಲೆ ಮಲಗಿದ್ದ ಎಂಬ ಸುದ್ದಿಯೂ ಈ ತುದಿಯಿಂದ ಆ ತುದಿಗೆ ಕೈಯಿಂದ ಕೈಗೇ ದಾಟುತ್ತದೆ. ಸೊಸೆಯಾಗಿ ಬಂದ ನನ್ನನ್ನು ಪಕ್ಕದ ಮಗ್ಗಕ್ಕೆ ನಿಲ್ಲಿಸಿಕೊಂಡು ಈ ಭಾಷೆ ಕಲಿಸಿದವಳು ಅತ್ತೆ. ಅಲ್ಲಿ ನಾವು ಜಗಳವಾಡಿದ್ದೂ ಕೈಯಲ್ಲೇ.

ಗೇಟಿನ ಹೊರಗೆ ಮಾತ್ರ ಅವಳ ಅಡ್ಡಹೆಸರು ಮೈಕು. ಸಂಘದ ಮೆರವಣಿಗೆಯಲ್ಲಿ ಅವಳು ಧಿಕ್ಕಾರ ಎಂದರೆ ಮಾಲೀಕರ ಕಾರು ಬಂದ ದಾರಿಗೇ ಹಿಂದೆ ಸರಿಯುತ್ತಿತ್ತು. ಒಂದು ಬೆಳಿಗ್ಗೆ ಬಟ್ಟೆ ಹಿಂಡುತ್ತಾ ಹಿಂಡುತ್ತಾ ಕುಸಿದಳು. ಆಮೇಲೆ ಕಾಲು ಬಂತು, ಕೈ ಬಂತು, ಮಾತು ಬರಲಿಲ್ಲ. ಉಳಿದದ್ದು ಒಂದೇ ಒಂದು ಪದ: ‘ಹೌದು’. ಬೇಕೆಂದರೂ ಹೌದು, ಬೇಡವೆಂದರೂ ಹೌದು, ಸಿಟ್ಟು ಬಂದರೆ ಮೂರು ಸಲ ಹೌದು. ವೈದ್ಯರು ಇದಕ್ಕೆ ಅಫೇಸಿಯಾ ಎಂದು ಹೆಸರು ಹೇಳಿದರು. “ಬುದ್ಧಿಗೇನೂ ಆಗಿಲ್ಲಮ್ಮ. ನೀವು ಹೇಳೋದೆಲ್ಲ ಅವರಿಗೆ ಗೊತ್ತಾಗುತ್ತೆ. ಹೇಳಬೇಕು ಅಂತ ಇರೋದು ಬಾಯಿಗೆ ಬರಲ್ಲ, ಅಷ್ಟೆ. ಜನರ ಮಧ್ಯೆ ಇರಲಿ, ಮೂಲೆಗೆ ಕೂರಿಸಬೇಡಿ,” ಎಂದರು.

ಜನರ ಮಧ್ಯೆ! ಜನ ಹೇಗಿದ್ದರು ಗೊತ್ತೇ? ನೋಡಲು ಬಂದ ಪಕ್ಕದ ಮನೆಯಾಕೆ ಅತ್ತೆಯ ಎದುರಿನಲ್ಲೇ ನನಗೆ ಹೇಳಿದಳು, “ಪುಣ್ಯ ಮಾಡಿದ್ದೆ ಕಣೇ ನೀನು! ಬಾಯಿಲ್ಲದ ಅತ್ತೆ ಯಾರಿಗೆ ಸಿಗ್ತಾರೆ?”

ಅತ್ತೆ ಕೆಂಡವಾಗಿ ‘ಹೌದು’ ಎಂದಳು.

“ನೋಡಿದ್ಯಾ, ಅವರೂ ಒಪ್ಕೊಂಡ್ರು!” ಎಂದು ಆಕೆ ಬಿದ್ದು ಬಿದ್ದು ನಕ್ಕಳು. ಇನ್ನೊಬ್ಬರು ಬಂದು ಅತ್ತೆಯ ಗಲ್ಲ ಹಿಡಿದು, “ಊಟ ಆಯ್ತಾ ಪುಟ್ಟಾ?” ಎಂದು ಕೇಳಿದರು. ಹೆತ್ತ ಮಗ, ನನ್ನ ಗಂಡ, ಅವಳು ಬಾಯಿ ತೆರೆಯುವ ಮೊದಲೇ ಅವಳ ಪರವಾಗಿ ಉತ್ತರ ಕೊಟ್ಟು ಮುಗಿಸುತ್ತಿದ್ದ. ಪ್ರೀತಿಯಿಂದಲೇ.

ಅವಳನ್ನು ಶೆಡ್ಡಿಗೆ ವಾಪಸು ಕರೆತಂದವಳು ನಾನು. ಮಗ್ಗ ಶುರುವಾದ ಕೂಡಲೇ ಎದುರು ಸಾಲಿನ ಹಳೆಯ ಗೆಳತಿ ಕೈಯಾಡಿಸಿ ಕೇಳಿದಳು: ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ? ಅತ್ತೆಯ ಕೈ ಮೊದಲು ತಡವರಿಸಿತು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ನಿಧಾನವಾಗಿ ಇಲ್ಲದ ಮೀಸೆ ತಿರುವಿ, ಎರಡು ಬೆರಳಲ್ಲಿ ಓಟ ತೋರಿಸಿದಳು: ನಿನ್ನ ಮೇಸ್ತ್ರಿಯ ಜೊತೆ ಓಡಿ ಹೋಗಿದ್ದೆ. ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮನೆಯಲ್ಲಿ ನೀರು ಬೇಕೋ ಬೇಡವೋ ಎಂದು ಹೇಳಲಾಗದವಳು ಇಲ್ಲಿ ಚೇಷ್ಟೆ ಮಾಡುತ್ತಿದ್ದಾಳೆ! ಯಾರ ಮಾತೂ ಯಾರಿಗೂ ಕೇಳದ ಜಾಗದಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ ಸ್ವಾಮೀ. ವೈದ್ಯರ ಚೀಟಿಯಲ್ಲಿ ಬರೆಯದ ಮದ್ದು ಅದು. ಮದ್ದಿನ ಅಂಗಡಿಗೆ ನೀವು ಬೀಗ ಹಾಕಿದ್ದೀರಿ.

ಇನ್ನು ಅಪಾಯದ ಮಾತು. ಒಂದು ದಿನ ಬಗ್ಗಿ ಎಳೆ ಗಂಟು ಹಾಕುತ್ತಿದ್ದ ನನ್ನ ಜಡೆಯ ತುದಿ ಹಿಂದಿನ ಮಗ್ಗದ ಬೆಲ್ಟಿನತ್ತ ಜಾರಿತ್ತು. ನೋಡಿದವರೆಲ್ಲ ಕೂಗಿದರಂತೆ. ಬಾಯಿ ಇದ್ದವರೆಲ್ಲ, ನಿಮ್ಮ ನಿಯಮದ ಪ್ರಕಾರ ಸುರಕ್ಷಿತರಾದವರೆಲ್ಲ, ಗಂಟಲು ಹರಿಯುವಂತೆ ಕೂಗಿದರಂತೆ. ನನಗೆ ಒಂದಕ್ಷರ ಕೇಳಿಸಲಿಲ್ಲ. ಅತ್ತೆ ಕೂಗಲಿಲ್ಲ. ಕೈಯಲ್ಲಿದ್ದ, ನೂಲು ಸುತ್ತಿದ ಕಂಡಿಕೆಯನ್ನು ಬೀಸಿ ನನ್ನ ಬೆನ್ನಿಗೆ ಹೊಡೆದಳು. ಬೆಚ್ಚಿ ತಿರುಗಿದೆ, ಅವಳ ಮುಷ್ಟಿ ಗಾಳಿಯಲ್ಲಿ ತಿರುಗುತ್ತಿತ್ತು, ಪಕ್ಕಕ್ಕೆ ನೆಗೆದೆ. ನನ್ನ ತಲೆ ಇವತ್ತು ಕತ್ತಿನ ಮೇಲೆ ಕೂತು ನಿಮಗೆ ಈ ಪತ್ರ ಬರೆಯುತ್ತಿರುವುದು ನಿಮ್ಮ ‘ಅಯೋಗ್ಯಳ’ ಕೃಪೆಯಿಂದ.

ಇದನ್ನು ಹೇಳಲೆಂದೇ ನಾವು ನಿಮ್ಮ ವಿಚಾರಣೆಗೆ ಬಂದಿದ್ದು. ಕಿಟಕಿ ಮುಚ್ಚಿದ ತಣ್ಣನೆಯ ಕೋಣೆ. ಗೋಡೆ ಗಡಿಯಾರದ ಸದ್ದೂ ಕೇಳುವಷ್ಟು ನಿಶ್ಶಬ್ದ. ಅತ್ತೆಯನ್ನು ಕೆಲಸದಿಂದ ಬಿಡಿಸಿ ಎಂದು ಮಾಲೀಕರು ಬರೆದ ಕಾಳಜಿಯ ಪತ್ರ ಮೇಜಿನ ಮೇಲೆ, ನಿಮ್ಮ ಕಣ್ಣು ಆ ಪತ್ರದ ಮೇಲೆ.

“ಕೆಲಸ ಕಷ್ಟ ಆಗ್ತಿದೆಯೇನಮ್ಮ?” ಎಂದು ಕೇಳಿದಿರಿ. ಅತ್ತೆ ತಲೆ ಅಡ್ಡಡ್ಡ ಆಡಿಸುತ್ತಾ “ಹೌದು” ಎಂದಳು.

“ಮನೇಲಿ ಆರಾಮಾಗಿ ಇರ್ತೀರಾ ಹಾಗಾದ್ರೆ?”

ಅವಳು ಮೇಜು ಗುದ್ದಿದಳು. “ಹೌದು! ಹೌದು! ಹೌದು!”

ಆಗಲೂ ನೀವು ತಲೆ ಎತ್ತಲಿಲ್ಲ. “ಸ್ವ-ಇಚ್ಛೆಯಿಂದ ಒಪ್ಪಿದ್ದಾರೆ ಅಂತ ಹಾಕ್ಕೊಳ್ಳಪ್ಪ,” ಎಂದು ಬೆರಳಚ್ಚಿನವನಿಗೆ ಹೇಳಿದಿರಿ. ನಾನು ಎದ್ದು, “ಸಾರ್, ಒಂದ್ಸಲ ಅವರ ಮುಖ ನೋಡಿ,” ಎಂದು ಅಂಗಲಾಚಿದೆ. “ನಿಮ್ಮನ್ನ ಕೇಳಿಲ್ಲ, ಕೂತ್ಕೊಳ್ಳಿ,” ಎಂದಿರಿ. ಕಿವಿ ನೆಟ್ಟಗಿದ್ದೂ ಕೇಳದವರು, ಕಣ್ಣು ನೆಟ್ಟಗಿದ್ದೂ ನೋಡದವರು ನೀವು. ನಿಮಗೆ ಯಾವ ವೈದ್ಯರು ಏನು ಹೆಸರು ಹೇಳುತ್ತಾರೆ?

ಮೇಲ್ಮನವಿಗೂ ಹೋದೆವು. ನಿಮ್ಮ ಮೇಲಿನ ಕಚೇರಿಯ ಉತ್ತರವನ್ನು ಎಲ್ಲರೂ ಓದಿ ನಗಲಿ ಎಂದು ಇಲ್ಲಿ ಕೊಡುತ್ತಿದ್ದೇನೆ: ‘ಅರ್ಜಿದಾರರು ಖುದ್ದಾಗಿ ಹಾಜರಾಗಿ ತಮ್ಮ ಅಹವಾಲನ್ನು ಮೌಖಿಕವಾಗಿ ಮಂಡಿಸತಕ್ಕದ್ದು.’ ಮಾತು ಬರುವುದಿಲ್ಲವೆಂದು ಹೊರಗಟ್ಟಿದಿರಿ, ಒಳಗೆ ಬರಬೇಕಾದರೆ ಬಾಯಿ ಬಿಟ್ಟು ಕೇಳು ಎನ್ನುತ್ತೀರಿ. ಕುಂಟನ ಕೋಲು ಕಸಿದುಕೊಂಡು, ಓಡಿ ಬಂದು ತಗೋ ಎಂದ ಹಾಗೆ.

ಈಗ ಅತ್ತೆ ಮನೆಯಲ್ಲಿ ‘ಆರಾಮಾಗಿ’ ಇದ್ದಾಳೆ. ಗೋಡೆಗೊರಗಿ ಕೂತಿರುತ್ತಾಳೆ. ಮಗ ಕೆಲಸಕ್ಕೆ, ನಾನು ಶೆಡ್ಡಿಗೆ. ಸಂಜೆ ಬಂದು ಶೆಡ್ಡಿನ ಸುದ್ದಿಯನ್ನೆಲ್ಲ ನಾನು ಕೈಯಲ್ಲೇ ಹೇಳುತ್ತಿದ್ದೆ. ಮೊದಲಿಗೆ ಉತ್ತರ ಕೊಡುತ್ತಿದ್ದಳು, ಮೇಸ್ತ್ರಿಗೆ ಬೈಯುತ್ತಿದ್ದಳು. ಬರುಬರುತ್ತಾ ಬರೀ ನೋಡುವುದಾಯಿತು. ‘ಹೌದು’ ಕೂಡ ಈಗ ಅಪರೂಪ. ಸಿಟ್ಟಾದರೂ ಬರಲಿ ಎಂದು ನಾನೇ ಹಳೆಯ ಜಗಳ ಕೆದಕಿ ನೋಡಿದೆ. ಬರಲಿಲ್ಲ.

ನಮ್ಮ ಬೇಡಿಕೆ ಒಂದೇ. ಮರುವಿಚಾರಣೆ ಮಾಡಿ, ಶೆಡ್ಡಿನೊಳಗೆ ಮಾಡಿ, ಎಲ್ಲ ಮಗ್ಗಗಳೂ ಓಡುತ್ತಿರುವಾಗ ಮಾಡಿ. ಅತ್ತೆಯ ಎದುರು ನಿಂತು ನಿಮ್ಮ ಪ್ರಶ್ನೆಗಳನ್ನು ಕೇಳಿ. ಅಲ್ಲಿ ನಿಮ್ಮ ಬಾಯಿ ತೆರೆದು ಮುಚ್ಚುವುದಷ್ಟೇ ಕಾಣುತ್ತದೆ. ನಿಮ್ಮನ್ನು ಯಾರೂ ‘ಪುಟ್ಟಾ’ ಎನ್ನುವುದಿಲ್ಲ, ಆ ಭರವಸೆ ಕೊಡುತ್ತೇನೆ. ನಮ್ಮ ಹೆಂಗಸರು ಕಾಯುತ್ತಾರೆ. ನೀವು ಕೈಯೆತ್ತಿ ಏನನ್ನಾದರೂ ತೋರಿಸುವವರೆಗೆ ಕಾಯುತ್ತಾರೆ.

ನೀವು ಬರುವುದಿಲ್ಲ ಎಂದು ಗೊತ್ತು. ಬಂದರೂ ತಡವಾಯಿತೇನೋ ಎಂಬ ಭಯವೂ ಇದೆ. ನಿನ್ನೆ ಸಂಜೆ ಬಾಗಿಲಲ್ಲಿ ನಿಂತು ಎರಡು ಬೆರಳು ಕತ್ತರಿಯಾಡಿಸಿದೆ: ಎಳೆ ಹರಿದಿದೆ ಅತ್ತೆ, ಬಾ. ಎಂಥ ಜ್ವರವಿದ್ದರೂ ಆ ಸನ್ನೆಗೆ ಎದ್ದು ಬರುತ್ತಿದ್ದವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು.

ಇಂತಿ,
ತಮ್ಮ ಕಡತದ ಕೊನೆಯ ಪುಟದಲ್ಲಿ ‘ವಿಚಾರಣೆಯ ವೇಳೆ ವಿನಾಕಾರಣ ಕೂಗಾಡಿದ ಸೊಸೆ’ ಎಂದು ದಾಖಲಾಗಿರುವವಳು,
ಕಾರಣವನ್ನು ಇದೀಗ ಲಿಖಿತವಾಗಿ ಸಲ್ಲಿಸಿದ್ದಾಳೆ.