ಕೊಲೆಗಾರ ಸಿಗದ ಸಿನಿಮಾ

ಪೊಲೀಸ್ ದೊಡ್ಡಪ್ಪನಿಗೆ ಸುಶೀಲೆ ಮಾಡುವ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಕ್ಷೇಮ ಕೇಳಿ ಬರೆಯೋಣವೆಂದರೆ ಈಗ ನಿಮಗೆ ವಿಳಾಸವೇ ಇಲ್ಲ. ಆದರೂ ಆ ಸಿನಿಮಾ ಬಿಡುಗಡೆಯಾಯಿತು, ತುಮಕೂರಿಗೂ ಬಂತು, ಅಪ್ಪ ಹೋಗಿ ನೋಡಿದರು ಎನ್ನುವುದನ್ನು ನಿಮಗೆ ಹೇಳದೆ ಇನ್ನು ಯಾರಿಗೆ ಹೇಳಲಿ?

ನೀವು ಮೊದಲ ಸಲ ನಮ್ಮ ಮನೆಗೆ ಬಂದದ್ದು ಅಪ್ಪನನ್ನು ಹಿಡಿದುಕೊಂಡು ಹೋಗುವುದಕ್ಕೆ. ಆಗ ನಾವು ಗುಬ್ಬಿಯಲ್ಲಿದ್ದೆವು, ನಾನಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದೆ. ಅಪ್ಪ ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಕುಣಿಗಲ್‌ವರೆಗೂ ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಆ ವರ್ಷ ಹೊಲಕ್ಕೆ ಬುತ್ತಿ ಒಯ್ದವಳು, ಸೌದೆಗೆ ಹೋದವಳು, ತವರಿಗೆಂದು ಒಬ್ಬಳೇ ಹೊರಟವಳು, ಹೀಗೆ ಮೂವರು ಹೆಂಗಸರು ಹೆಣವಾಗಿ ಸಿಕ್ಕಿದ್ದರು. ಮೂವರ ಕುತ್ತಿಗೆಯನ್ನೂ ಅವರ ಸೆರಗಿನಿಂದಲೇ ಬಿಗಿಯಲಾಗಿತ್ತು. ಹೆಣದ ಪಕ್ಕದಲ್ಲಿ ಬಳೆಚೂರು. ಯಾರು ತೊಡಿಸಿದ ಬಳೆ ಎಂದು ನೀವು ವಿಚಾರಿಸಿದಾಗ ಮೂರೂ ಊರಿನವರು ಅಪ್ಪನ ಹೆಸರನ್ನೇ ಹೇಳಿದ್ದರು. ಅಮ್ಮ ನಿಮಗೆ ಅಡ್ಡ ನಿಂತು, "ಈ ಸೀಮೇಲಿ ಇವ್ರ ಹತ್ರ ಬಳೆ ತೊಡ್ದೇ ಇರೋ ಹೆಂಗಸು ಯಾರಿದಾಳೆ ಹೇಳಿ ಸ್ವಾಮಿ?" ಎಂದು ಕೇಳಿದಳು. ನೀವು ಅಪ್ಪನನ್ನು ಕರೆದುಕೊಂಡು ಹೋದಿರಿ.

ಅಪ್ಪ ಲಾಕಪ್ಪಿನಲ್ಲಿದ್ದಾಗಲೇ ಕುಣಿಗಲ್ ಕಡೆ ನಾಲ್ಕನೆಯವಳ ಹೆಣ ಸಿಕ್ಕಿತು. ಅದೇ ರೀತಿ, ಅವಳದೇ ಸೆರಗಿನಿಂದ. ನೀವೇ ಅಪ್ಪನನ್ನು ಕರೆದುಕೊಂಡು ಬಂದು ಮನೆ ಬಾಗಿಲಿಗೆ ಬಿಟ್ಟಿರಿ. ಅಷ್ಟರಲ್ಲಿ ಅವರ ಎಡಗೈ ಬೆರಳು ಲಾಠಿ ಏಟಿಗೆ ಊದಿಕೊಂಡು... ಅದನ್ನು ಬರೆಯುವುದು ಬೇಡ. ನಿಮಗೆ ಗೊತ್ತಿಲ್ಲದ್ದೇ?

ಅಪ್ಪ ಹೊರಗೆ ಬಂದರು, ಆದರೆ ಊರಿನ ಮನಸ್ಸಿನಿಂದ ಅನುಮಾನ ಹೊರಗೆ ಹೋಗಲಿಲ್ಲ. "ಅವನ ಜೊತೆಗಾರ ಒಬ್ಬ ಇದಾನೆ ಕಣ್ರೀ" ಎಂದರು ಜನ. ಬಳೆ ತೊಡಲು ಯಾವ ಹೆಂಗಸೂ ಅಪ್ಪನಿಗೆ ಕೈ ನೀಡಲಿಲ್ಲ. ಮಲಾರ ಹೊತ್ತು ಹೋದವರು ಹಾಗೇ ಹೊತ್ತು ತರುತ್ತಿದ್ದರು. ಆಗ ಒಂದು ಸಾಯಂಕಾಲ ನೀವು ಯೂನಿಫಾರಮ್ಮಿನಲ್ಲೇ ಬಂದು ನಮ್ಮ ಜಗಲಿಯ ಮೇಲೆ ಕೂತು, "ತಾಯಿ, ಒಂದು ಲೋಟ ನೀರು ಕೊಡ್ತೀರಾ?" ಎಂದಿರಿ.

"ಹಿಡ್ಕೊಂಡ್ ಹೋಗೋರೂ ನೀವೇ, ನೀರು ಕೇಳೋರೂ ನೀವೇ" ಎಂದಳು ಅಮ್ಮ.

"ನೀರು ಕೊಡ್ಬೇಡಿ ತಾಯಿ, ಪರವಾಗಿಲ್ಲ. ಇಲ್ಲಿ ಕೂತ್ಕೊಳ್ಳೋಕೆ ಬಿಡಿ. ನಾನಿಲ್ಲಿ ಕೂತಿರೋದನ್ನ ಬೀದಿ ಜನ ನೋಡ್ಲಿ."

ಆಮೇಲೆ ವಾರಕ್ಕೊಮ್ಮೆಯಾದರೂ ಬಂದಿರಿ. ಬೀದಿಯ ಕಡೆ ಮುಖ ಮಾಡಿ ಕೂರುತ್ತಿದ್ದಿರಿ. ಎಷ್ಟನೆಯ ಸಲಕ್ಕೋ ಅಮ್ಮ ಮಜ್ಜಿಗೆ ತಂದು ಇಟ್ಟಳು. ನೀವು ಕುಡಿದು ಲೋಟವನ್ನು ನೀವೇ ತೊಳೆದಿಟ್ಟಿರೆಂದು ಅಮ್ಮ ಇಂದಿಗೂ ಹೇಳುತ್ತಾಳೆ. ನಾನು ನಿಮ್ಮನ್ನು ಸಾಹೇಬರೇ ಎಂದಾಗ, "ದೊಡ್ಡಪ್ಪ ಅನ್ನು ಮಗಾ, ಅದೇ ಚೆನ್ನಾಗಿರ್ತದೆ" ಎಂದಿರಿ. ನಿಮ್ಮ ದೆಸೆಯಿಂದಲೇ ನಾನು ಸ್ಕೂಲು ಬಿಡಲಿಲ್ಲ. ಪೊಲೀಸ್ ದೊಡ್ಡಪ್ಪನಿರುವವಳನ್ನು ಕೊಲೆಗಾರನ ಮಗಳು ಎಂದು ಎದುರಿಗೆ ಅನ್ನುವ ಧೈರ್ಯ ಯಾರಿಗಿತ್ತು?

ಬೆನ್ನ ಹಿಂದಿನ ಮಾತಿಗೆ ಮಾತ್ರ ಯಾರ ಜಗಲಿಯೂ ಅಡ್ಡ ಬರುವುದಿಲ್ಲ. ಕೊನೆಗೆ ನಾವು ತುಮಕೂರಿಗೆ ಬಂದು ಬಟವಾಡಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತರು. ರಿಟೈರ್ ಆದ ಮೇಲೂ ನೀವು ಬರುವುದು ತಪ್ಪಲಿಲ್ಲ. ಪ್ರತಿ ಸಲವೂ ಕೇಸಿನ ಮಾತೇ. "ನಂಜಣ್ಣ, ನನ್ ಕೈಲಿ ಆಗ್ಲಿಲ್ಲ ಕಣಯ್ಯ" ಎನ್ನುತ್ತಿದ್ದಿರಿ ಅಪ್ಪನಿಗೆ. "ಆಯ್ತು ಬುಡಿ ಸಾಹೇಬ್ರೇ, ಊರೆಲ್ಲಾ ನನ್ ಹೆಸ್ರೇ ಹೇಳ್ದಾಗ ನೀವಾದ್ರೂ ಏನ್ ಮಾಡೀರಿ?" ಅಪ್ಪ ನಿಮ್ಮನ್ನು ಹೇಗೆ ಕ್ಷಮಿಸಿದರೋ ನನಗೆ ತಿಳಿಯದು. ಕೇಳಿದರೆ, "ತಪ್ಪು ಮಾಡ್ದೋರು ಎಷ್ಟು ಜನ ತಿರ್ಗಾ ಮನೆಗೆ ಬತ್ತಾರವ್ವ?" ಎನ್ನುತ್ತಿದ್ದರು.

ನಾನು ಟೀಚರ್ ಆಗಿ ಸೇರಿದ ವರ್ಷ ನೀವು ಒಂದು ಬೆಳಗ್ಗೆ ಏದುಸಿರು ಬಿಡುತ್ತಾ ಬಂದಿರಿ. ಮದರಾಸಿನಿಂದ ಸಿನಿಮಾದವರು ಬಂದು ಕುಣಿಗಲ್ ಟ್ರಾವೆಲರ್ಸ್ ಬಂಗಲೆಯಲ್ಲಿ ಇಳಿದಿದ್ದಾರೆ, ಆ ಕೊಲೆಗಳ ತನಿಖೆಯನ್ನೇ ಕಥೆ ಮಾಡಿದ್ದಾರೆ, ಸಲಹೆಗೆಂದು ನಿಮ್ಮನ್ನು ಕರೆಸಿದ್ದಾರೆ ಎಂದಿರಿ. ಅಪ್ಪ ಮಂಡಿಗೆ ಹೋಗಿದ್ದರು. ನೀವು ದನಿ ತಗ್ಗಿಸಿ, "ಕೊನೇಲಿ ಬಳೆಗಾರನೇ ಕೊಲೆಗಾರ ಅಂತ ಮಾಡಿದಾರೆ ಮಗಾ" ಎಂದಿರಿ. ಊರಿನ ಮಾತಾದರೆ ಊರಿಗೇ ನಿಲ್ಲುತ್ತಿತ್ತು. ಇದು ಊರೂರಿನ ಸಿನಿಮಾ ಟೆಂಟಿಗೂ ಹೋಗುವಂಥದ್ದು. ಅಪ್ಪ ಇನ್ನೆಲ್ಲಿಗೆಂದು ಹೋಗಬೇಕಿತ್ತು? "ನೀನೂ ಬಾ" ಎಂದಿರಿ. ಅದೇ ಬಸ್ಸಿಗೆ ಹೊರಟೆವು.

ಬಂಗಲೆಯ ವರಾಂಡದಲ್ಲಿ ಪ್ರೊಡ್ಯೂಸರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ನಕ್ಕದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಸಿನಿಮಾ ಅಲ್ವಾ ಸಾರ್? ಹೆಸ್ರು ಬದ್ಲಾಯಿಸ್ತೀವಿ."

"ಹೆಸ್ರು ಬದ್ಲಾಯ್ಸಿದ್ರೆ ಆಯ್ತಾ? ಆ ಕೇಸಲ್ಲಿ ಸಿಕ್ಕಾಕ್ಕೊಂಡ ಬಳೆಗಾರ ಯಾರು ಅಂತ ಈ ಸೀಮೆಗೆಲ್ಲಾ ಗೊತ್ತು. ಇಲ್ಲಿ ನಿಂತಿದಾಳಲ್ಲ, ಇವಳಪ್ಪ" ಎಂದಿರಿ ನೀವು.

ಅವರು ನನ್ನ ಕಡೆ ನೋಡಲಿಲ್ಲ. "ಕೊಲೆಗಾರ ಸಿಗ್ದೇ ಇದ್ರೆ ಜನ ಕುರ್ಚಿ ಮುರೀತಾರೆ ಸಾರ್."

"ಮುರೀಲಿ. ಸಿಗ್ಲಿಲ್ಲ ಅನ್ನೋದೇ ನಿಜ. ಹಿಡಿಯೋಕಾಗ್ದೇ ಇದ್ದೋನು ನಾನು ಇನ್ನೂ ಬದುಕಿದೀನಲ್ಲ? ಕೊನೇಲಿ ನನ್ನನ್ನೇ ನಿಲ್ಸಿ. ನಾನೇ ಹೇಳ್ತೀನಿ."

ಅಷ್ಟು ಹೊತ್ತೂ ಮೂಲೆಯಲ್ಲಿ ಕೂತಿದ್ದ ಡೈರೆಕ್ಟರು ಎದ್ದು ಬಂದರು. ವಯಸ್ಸಿನಲ್ಲಿ ಚಿಕ್ಕವರು. ನಿಮ್ಮನ್ನೇ ದಿಟ್ಟಿಸಿ ನೋಡಿ, "ಏನ್ ಹೇಳ್ತೀರಿ ಸಾರ್?" ಎಂದು ಕೇಳಿದರು. ನೀವು ಹೇಳಿದಿರಿ. ಡೈರೆಕ್ಟರು ಅದನ್ನು ಬರೆದುಕೊಂಡರು, ಪ್ರೊಡ್ಯೂಸರೂ ಒಪ್ಪಿದರು.

ಕುಣಿಗಲ್ ಕೆರೆ ಏರಿಯ ಮೇಲೆ ಕ್ಯಾಮೆರಾ ಇಟ್ಟ ದಿನ ಗಾಳಿ ಜೋರಾಗಿತ್ತು. ನೀವು ಬಿಳಿ ಅಂಗಿ, ಪಂಚೆಯಲ್ಲಿ ನಿಂತಿದ್ದಿರಿ. "ನಾಲ್ಕು ಹೆಣ್ಣುಮಕ್ಕಳನ್ನು ಕೊಂದವನನ್ನು ನಾನು ಹಿಡಿಯಲಿಲ್ಲ. ನಾನು ಹಿಡಿದ ಬಳೆಗಾರ ನಿರಪರಾಧಿ." ಡೈರೆಕ್ಟರು ಬರೆದುಕೊಟ್ಟದ್ದು ಅಷ್ಟೇ. ನೀವು ನಿಲ್ಲಿಸಲಿಲ್ಲ. "ಅವನಿಗೆ ಹೊಡೆಸಿದ್ದು ನನ್ನ ತಪ್ಪು" ಎಂದಿರಿ. ಸ್ಟುಡಿಯೋದಲ್ಲಿ ಆ ಮಾತಿಗೆ ದನಿ ಕೊಡಲು ಆಮೇಲೆ ಮದರಾಸಿಗೂ ಹೋಗಿ ಬಂದಿರಿ. ಅಲ್ಲಿಂದ ಬಂದವರು ಹಾಸಿಗೆ ಹಿಡಿದಿರಿ. ಸಿನಿಮಾ ಬರುವ ಹೊತ್ತಿಗೆ ನೀವೇ ಇರಲಿಲ್ಲ.

ಟಾಕೀಸಿನಲ್ಲಿ ಅಪ್ಪ ನನ್ನ, ಅಮ್ಮನ ನಡುವೆ ಕೂತಿದ್ದರು. ಪ್ರೊಡ್ಯೂಸರು ಹೇಳಿದ್ದು ಸುಳ್ಳಾಗಲಿಲ್ಲ ದೊಡ್ಡಪ್ಪ. ಕೊನೆಯ ರೀಲು ಬಂದರೂ ಕೊಲೆಗಾರ ಸಿಗದಿದ್ದಾಗ ಬೆಂಚಿನವರು, "ಯಾರ್ಲಾ ಕೊಂದೋನು? ದುಡ್ಡು ವಾಪಸ್ ಕೊಡ್ರೋ!" ಎಂದು ಕೂಗಿದರು. ಆಗ ತೆರೆಯ ತುಂಬ ನಿಮ್ಮ ಮುಖ ಬಂತು. ಗಲಾಟೆ ಒಂದೇ ಸಲಕ್ಕೆ ನಿಲ್ಲಲಿಲ್ಲ, ಒಬ್ಬೊಬ್ಬರಾಗಿ ಸುಮ್ಮನಾದರು. ನಿಮ್ಮ ಕೊನೆಯ ಮಾತು ಎಲ್ಲರಿಗೂ ಕೇಳಿಸಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಪ್ಪ ಅಳಲಿಲ್ಲ. ಹೊರಗೆ ಬಂದ ಮೇಲೆ, "ಸಾಹೇಬ್ರು ಬಾಳ ಸೊರಗಿದ್ರು ಅಲ್ವೇನವ್ವಾ?" ಎಂದರು, ಅಷ್ಟೇ.

ಸಿನಿಮಾವನ್ನು ವಾರಕ್ಕೇ ಎತ್ತಿಬಿಟ್ಟರು. ಆದರೆ ಅದನ್ನು ಗುಬ್ಬಿಯ ಟೆಂಟಿನಲ್ಲಿ ಒಬ್ಬ ಸಬ್ ಇನ್ಸ್‌ಪೆಕ್ಟರು ನೋಡಿದ್ದಾರೆ, ಈಚೆಗೆ ವರ್ಗವಾಗಿ ಬಂದವರು. ಹೋದ ಭಾನುವಾರ ಮನೆ ಹುಡುಕಿಕೊಂಡು ಬಂದರು. ಖಾಕಿ ಕಂಡ ಕೂಡಲೇ ಅಪ್ಪ ಎದ್ದು ಗೋಡೆಗೆ ಒತ್ತಿಕೊಂಡು ನಿಂತರು. ಅವರು, "ಕೂತ್ಕೊಳ್ಳಿ ಯಜಮಾನ್ರೇ. ಆ ಕೇಸು ತಿರ್ಗಾ ತೆಗೆಸ್ತಾ ಇದೀನಿ. ಆ ಹೆಣ್ಮಕ್ಳನ್ನ ಚೆನ್ನಾಗಿ ಬಲ್ಲೋರು ನೀವು. ಆ ಊರುಗಳಿಗೆ ನನ್ ಜೊತೆ ಬರ್ತೀರಾ?" ಎಂದರು. ಇಷ್ಟು ವರ್ಷ ಬಾಯಿಗೆ ತರದಿದ್ದ ಆ ನಾಲ್ವರ ಹೆಸರನ್ನು ಅಪ್ಪ ಅವತ್ತು ಹೇಳಿದರು. ಯಾರ ಮಗಳು, ಯಾವ ಊರಿಗೆ ಸೊಸೆ, ಯಾರು ಬಳೆ ತೊಡುವಾಗ ನಗುತ್ತಿದ್ದಳು, ಎಲ್ಲವನ್ನೂ.

ಕೊಂದವನು ಸಿಗುತ್ತಾನೋ ಇಲ್ಲವೋ, ಬದುಕಿದ್ದಾನೋ ಇಲ್ಲವೋ, ಯಾರಿಗೆ ಗೊತ್ತು? ಇವತ್ತು ಬೆಳಗ್ಗೆ ಜೀಪು ಬಂತು. ಅಪ್ಪ ಒಗೆದ ಪಂಚೆ ಉಟ್ಟು ಹೊರಟರು. ಅಮ್ಮ ಬಾಗಿಲಲ್ಲಿ ತಡೆದು, "ಅದೇ ಊರುಗಳಿಗೆ ಹೋಗ್ತೀರಲ್ಲ, ಹೆದ್ರಿಕೆ ಆಗಲ್ವಾ?" ಎಂದು ಕೇಳಿದಳು.

"ಬಳೆ ತೊಡ್ಸಿದೋನು ನಾನು, ಆ ಹೆಣ್ಮಕ್ಳಿಗೆ ತವರಿನ ಕಡೆಯೋನು ಕಣೇ" ಎಂದರು ಅಪ್ಪ. "ನಾನ್ ಹೋಗ್ದೆ ಇನ್ಯಾರು ಹೋಗ್ಬೇಕು?"