ಹನ್ನೊಂದು ಗಂಟೆಯ ತಿದ್ದುಪಡಿ

ಅಕ್ಕಾ,

ನಮ್ಮ ನೀರು ಪರೀಕ್ಷೆಯ ಲ್ಯಾಬಿಗೆ ಸಾಫ್ಟ್‌ವೇರ್ ಆರಿಸುವ ಕೆಲಸವನ್ನು ನೀವು ನನಗೇ ಬಿಟ್ಟಿರಿ. "ತಪ್ಪಾದ್ರೆ ಅಳಿಸ್ಬೇಡ ಕಣೇ, ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕು" ಎಂದು ಮೊದಲ ದಿನವೇ ಕಲಿಸಿದವರೂ ನೀವೇ. ಅದಕ್ಕೇ, ಏನನ್ನೂ ಅಳಿಸಲು ಬಿಡದೆ, ಯಾರು ಯಾವಾಗ ತಿದ್ದಿದರೆಂದು ಬರೆದಿಡುವುದನ್ನೇ ಆರಿಸಿದೆ.

ಶಾಲೆಯ ಬಾವಿಯ ನೀರು ಕುಡಿಯಲು ಯೋಗ್ಯವಲ್ಲ ಎಂದು ನಾನು ಬರೆದಿದ್ದೆ. ಮಂಗಳವಾರ ಹನ್ನೊಂದಕ್ಕೆ ಅದು 'ಯೋಗ್ಯ' ಆಗಿದೆ. ತಿದ್ದಿದವರ ಜಾಗದಲ್ಲಿ ನನ್ನ ಹೆಸರಿದೆ. ಪಾಸ್‌ವರ್ಡನ್ನು ನಿಮಗೊಬ್ಬರಿಗೇ ಹೇಳಿದ್ದೆ. ಈ ತಿದ್ದುಪಡಿಯ ಬಗ್ಗೆ ನಾಳೆ ನಡೆಯುವ ವಿಚಾರಣೆಯಲ್ಲಿ ಇದನ್ನು ನನ್ನ ತಲೆಗೇ ಕಟ್ಟುತ್ತೀರಂತೆ.

ಕಟ್ಟಿ. ಆದರೆ ಮೊದಲು ಬಾವಿಯ ಪಂಪ್ ನಿಲ್ಲಿಸಿ, ಮಕ್ಕಳು ಇನ್ನೂ ಅದನ್ನೇ ಕುಡಿಯುತ್ತಿದ್ದಾರೆ. ಆಮೇಲೆ ನಿಮ್ಮ ಅಮ್ಮನನ್ನು ಕೇಳಿ: ನಿಮಗೆ ಬಿಡುವಿಲ್ಲವೆಂದು ಮಂಗಳವಾರ ನೀವೇ ಅವರ ಜೊತೆ ಆಸ್ಪತ್ರೆಗೆ ಕಳಿಸಿದ್ದು ಯಾರನ್ನು, ಹನ್ನೊಂದಕ್ಕೆ ಅವರ ಕೈ ಹಿಡಿದು ಕೂತಿದ್ದವಳು ಯಾರು ಅಂತ.

ನಿಮ್ಮ ಕೈಕೆಳಗೆ ಕಲಿತವಳು