ಹಾರ ಹಾಕಿದ ಕೇಕು

ಅರಕಲಗೂಡು
23 ನವೆಂಬರ್ 2025

ಅತ್ತೆಗೆ ಭವ್ಯ ಮಾಡುವ ನಮಸ್ಕಾರ.

ಫೋನ್ ಮಾಡಿದಾಗೆಲ್ಲ ಅನುಶ್ರೀಯೇ ಎತ್ತಿಕೊಳ್ಳುತ್ತಾಳೆ. "ಅವ್ವ ಮನಗವ್ಳೆ ಅತ್ಗೆ" ಅನ್ನುತ್ತಾಳೆ. ಬೆಳಿಗ್ಗೆ ಹತ್ತು ಗಂಟೆಗೂ ಮಲಗಿರುತ್ತೀರಿ, ಸಂಜೆ ಐದಕ್ಕೂ ಮಲಗಿರುತ್ತೀರಿ. ಎಂಟು ವರ್ಷ ನಿಮ್ಮ ಜೊತೆ ಬಾಳಿದ ಸೊಸೆಗೆ ಗೊತ್ತಿಲ್ಲವೇ, ಕೋಳಿ ಕೂಗುವುದಕ್ಕೆ ಮೊದಲೇ ಏಳುವವರು ನೀವು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಒಂದು ವಾರ ಇದ್ದು ಬರುತ್ತೇನೆ ಅಂತ ಶಾಂತಿಗ್ರಾಮಕ್ಕೆ, ಮಗಳ ಮನೆಗೆ ಹೋದವರು ಮೂರು ವಾರವಾದರೂ ಬಂದಿಲ್ಲ. ಹೊರಡುವ ದಿನ ಬಾಗಿಲಲ್ಲಿ ನಿಂತು ನನ್ನನ್ನು ಒಂದೇ ಮಾತು ಕೇಳಿದಿರಿ. "ಮೂರ್ ದಿನ ಕುಂತ್ಕಂಡ್ ಮಾಡ್ದಲ್ಲವ್ವ, ಒಂದ್ ಗಳ್ಗೆನಾದ್ರೂ ನಿಂಗೆ ಅನ್ನುಸ್ನಿಲ್ವಾ?" ಅಂತ. ನಾನು "ಇಲ್ಲ ಅತ್ತೆ, ದೇವ್ರಾಣೆ" ಅಂದೆ. ಆ ಉತ್ತರವನ್ನು ಸರಿಮಾಡುವುದಕ್ಕೆ ಈ ಕಾಗದ. ಆದರೆ ನೇರವಾಗಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ, ಸ್ವಲ್ಪ ಸುತ್ತಿಕೊಂಡು ಬರುತ್ತೇನೆ.

ರಾಗಿ ಮೂಟೆ ಇಡುವ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ನನ್ನ ಓವನ್ ಇಡಿಸಿದವರು ನೀವು. ಹಾಸನಕ್ಕೆ ಹೋಗಿ ಆರತಿ ಮೇಡಂ ಹತ್ತಿರ ಕೇಕ್ ಅಲಂಕಾರ ಕಲಿತು ಬರುತ್ತೇನೆ ಅಂದಾಗ ನಿಮ್ಮ ಮಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. "ಓಗ್ಬರ್ಲಿ ಬುಡ್ಲಾ ಮನು, ಶುಂಠಿ ಕೀಳಾಕೆ ಅವ್ಳೇ ಆಗ್ಬೇಕಾ?" ಅಂದಿರಿ ನೀವು. ಅವತ್ತಿನಿಂದ ನೀವು ನೋಡಿ ಒಪ್ಪದೆ ಒಂದು ಕೇಕೂ ನಮ್ಮ ಮನೆ ಹೊಸಿಲು ದಾಟಿದ್ದಿಲ್ಲ.

ಹಾಲಿನ ಡೈರಿಯ ಸಿದ್ದೇಶ್ವರಣ್ಣ ರಿಟೈರ್ ಆದಾಗ ಮಾಡಿದ ಹಸುವಿನ ಕೇಕು ಜ್ಞಾಪಕವಿದೆಯೇ? ಸಕ್ಕರೆ ಹಿಟ್ಟಿನಲ್ಲಿ ಕಪ್ಪು ಬಿಳುಪು ಮಚ್ಚೆ, ಕಣ್ಣಿಗೆ ರೆಪ್ಪೆ, ಕೊರಳಿಗೆ ಗಂಟೆ, ಎಲ್ಲ ಮಾಡಿ ಬೀಗುತ್ತಾ ನಿಂತಿದ್ದೆ. ನೀವು ಬಂದು ಸುತ್ತ ಒಂದು ಸಲ ನೋಡಿ, "ಡೈರಿಗೆ ಓಗೋ ಹಸ, ಕೆಚ್ಚಲೇ ಇಲ್ವಲ್ಲವ್ವ" ಅಂದಿರಿ. ನಾನು ನಾಚಿಕೊಂಡು ಕೂತೆ. ನೀವೇ ಕೈ ತೊಳೆದುಕೊಂಡು ಹಿಟ್ಟು ತೆಗೆದುಕೊಂಡು ನಾಲ್ಕು ಮೊಲೆಗಳ ಕೆಚ್ಚಲು ಮಾಡಿ ಕೂರಿಸಿದಿರಿ. ಸಿದ್ದೇಶ್ವರಣ್ಣ ಎಲ್ಲರಿಗೂ ಮೊದಲು ತೋರಿಸಿದ್ದು ಅದನ್ನೇ. ಕೀರ್ತಿರಾಜ್ ಮಗಳ ಬೊಂಬೆ ಕೇಕಿನ ತಲೆ ಆಟೋದಲ್ಲಿ ಉರುಳಿಬಿದ್ದಾಗ, "ನಿದ್ದೆ ಬಂದದೆ, ಮನಗ್ಸಿವ್ನಿ ಅನ್ನು" ಅಂತ ಫೋನಿನಲ್ಲೇ ಉಪಾಯ ಹೇಳಿಕೊಟ್ಟವರೂ ನೀವೇ. ಮಗು ಅದನ್ನು ನಂಬಿ ಬೊಂಬೆಗೆ ಕರ್ಚೀಫು ಹೊದಿಸಿತು.

ಇಂಥ ನಿಮಗೆ ಒಂದು ದಿನವಾದರೂ ಹುಟ್ಟುಹಬ್ಬ ಮಾಡಬೇಕು ಅಂತ ಆಸೆ ಹುಟ್ಟಿದ್ದು ನನಗೇ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತಿದೆ, ಅದನ್ನು ಯಾರು ನಂಬುತ್ತಾರೆ? ನಿಮ್ಮ ಅಕ್ಕ ಲಕ್ಕಮ್ಮನವರನ್ನು ಕೇಳಿದೆ. ಹುಚ್ಚೆಳ್ಳು ಹೂ ಬಿಟ್ಟ ಕಾಲದಲ್ಲಿ ಹುಟ್ಟಿದ್ದು, ಅರವತ್ತು ತುಂಬಿದ್ದು ಖಂಡಿತ ಅಂದರು. ಅದರ ಮೇಲೆ ನವೆಂಬರ್ ಒಂದನೇ ತಾರೀಖು ಗೊತ್ತು ಮಾಡಿದೆ. ನಿಮಗೆ ಗೊತ್ತಾಗಬಾರದು ಅಂತ ಓವನ್ ಕೋಣೆಗೆ ಮೂರು ದಿನ ಬೀಗ ಹಾಕಿಕೊಂಡೆ. ನೀವು ನೋಡದೆ ಹೊರಬಂದ ಕೇಕು ಅದೊಂದೇ.

ಅನುಶ್ರೀ ಮದುವೆಯಲ್ಲಿ ಹಸಿರು ಸೀರೆ ಉಟ್ಟು ತೆಗೆಸಿದ್ದ ನಿಮ್ಮ ಫೋಟೋವನ್ನು ಹಾಸನದಲ್ಲಿ ಸಕ್ಕರೆ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿ ತಂದೆ, ಕೇಕಿನ ಮೇಲೆ ಕೂರಿಸಲು. ಸುತ್ತ ಹೂವು. ನಿಮಗೆ ಮಲ್ಲಿಗೆ ಅಂದರೆ ಪ್ರಾಣ. ಮಾವ ಹೋದ ಮೇಲೆ ನೀವು ಮುಡಿದಿಲ್ಲ, ಕೇಕಿನ ಮೇಲಾದರೂ ಇರಲಿ ಅಂತ ಒಂದೊಂದೇ ಮೊಗ್ಗು ಮಾಡಿದೆ. ಅಕ್ಕಿಕಾಳಿನಷ್ಟು ತೊಟ್ಟು, ತುದಿಯಲ್ಲಿ ಒಂಚೂರು ಹಸಿರು, ನಡುನಡುವೆ ಕನಕಾಂಬರ. ಇನ್ನೂರಕ್ಕೂ ಹೆಚ್ಚು ಮೊಗ್ಗು. ಅತ್ತೆ, ನಾನು ಅಷ್ಟು ಚೆನ್ನಾಗಿ ಇದುವರೆಗೆ ಏನನ್ನೂ ಮಾಡಿರಲಿಲ್ಲ. ಈಗಲೂ ಆ ಮಾತನ್ನು ತಗ್ಗಿಸಿ ಹೇಳಲಾರೆ.

ಮುಂದಿನದು ನಿಮಗೆ ಗೊತ್ತು. ಕೇಕನ್ನು ನಡುಮನೆಯ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಓರೆಯಾಗಿ ನಿಲ್ಲಿಸಿದ್ದೆ. ಎರಡು ಪಕ್ಕ ಎರಡು ಮೇಣದ ಬತ್ತಿ ಬೇರೆ ಹಚ್ಚಿದ್ದೆ. ಪೊರೆ ಬಂದ ಕಣ್ಣಿನ ಲಕ್ಕಮ್ಮನವರು ಒಳಗೆ ಕಾಲಿಟ್ಟವರೇ ಎದೆ ಎದೆ ಬಡಿದುಕೊಂಡು, "ಅಯ್ಯೋ ನನ್ ತಂಗೀ, ಒಂದ್ ಮಾತೂ ಯೋಳ್ದೆ ಒಂಟೋದ್ಯಲ್ಲೇ" ಅಂತ ಗೋಳಾಡಿದರು. ನೀವು ಅವರ ಪಕ್ಕದಲ್ಲೇ ನಿಂತಿದ್ದಿರಿ. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಕೇಕು ನೋಡಿದರು, ನಗು ಅಲ್ಲಲ್ಲೇ ನಿಂತಿತು. ಫೋಟೋ, ಹಾರ, ದೀಪ. ನಿಮ್ಮ ಕೈಗೆ ಚಾಕು ಕೊಟ್ಟಾಗ ನೀವು ಅದನ್ನು ಮೇಜಿನ ಮೇಲಿಟ್ಟು, "ನನ್ ಮಕ ನಾನೇ ಕುಯ್ಕಳನಾ?" ಅಂದು ಒಳಗೆ ಹೋದಿರಿ. ಯಾರೂ ಒಂದು ಚೂರು ತಿನ್ನಲಿಲ್ಲ.

ಉಂಡ ಮನೆಗೆ ಎರಡು ಬಗೆದಳು ಅಂತ ನೆಂಟರು ನನ್ನನ್ನು ಆಡಿಕೊಳ್ಳುತ್ತಿದ್ದಾರೆ. ನಿಮ್ಮ ಮಗ ನಿನ್ನೆಯವರೆಗೂ ಸಿಕ್ಕಿದವರ ಹತ್ತಿರವೆಲ್ಲ ನನ್ನ ಪರ ಜಗಳವಾಡುತ್ತಿದ್ದರು. "ಅವ್ಳಿಗೆ ವೊಳೀನಿಲ್ಲ ಕಣ್ರಲಾ" ಅನ್ನುತ್ತಿದ್ದರು.

ಹೊಳೆದಿತ್ತು ಅತ್ತೆ.

ಹಿಂದಿನ ದಿನ ಮಧ್ಯಾಹ್ನ ನೀವು ಡೈರಿ ಕಡೆ ಹೋಗಿದ್ದಾಗ ಮುಗಿದ ಕೇಕನ್ನು ನಡುಮನೆಗೆ ತಂದು ಫೋನಿನಲ್ಲಿ ಫೋಟೋ ತೆಗೆದೆ. ತೆಗೆದು ನೋಡಿದರೆ ಕೇಕಿನ ಹಿಂದೆ ಗೋಡೆಯ ಮೇಲೆ ಮಾವನವರು. ಅವರ ಕೊರಳಲ್ಲಿ ಗಂಧದ ಹಾರ, ನಿಮ್ಮ ಸುತ್ತ ಮಲ್ಲಿಗೆ ಹಾರ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನಗೆ ಕೆಡುವ ಮೊದಲೇ ಬುದ್ಧಿ ಬಂದಿತ್ತು. ಹಾರ ತೆಗೆಯಲು ಇಡೀ ಮಧ್ಯಾಹ್ನ ಸಮಯವಿತ್ತು. ಚಾಕುವಿನ ತುದಿಯಿಂದ ಎತ್ತಬೇಕಿತ್ತು, ಅಷ್ಟೇ. ಆದರೆ ಎತ್ತಿದರೆ ಮೊಗ್ಗೆಲ್ಲ ಪುಡಿಯಾಗುತ್ತಿತ್ತು. ಬ್ಯಾನರಿನಲ್ಲಿ ರಾಜಕಾರಣಿಗಳ ಕೊರಳಲ್ಲೂ ಹಾರ ಇರುತ್ತದಲ್ಲ ಅಂದುಕೊಂಡೆ. ಯಾರಿಗೂ ಹಾಗನ್ನಿಸುವುದಿಲ್ಲ ಅಂದುಕೊಂಡೆ. ಮಾವನವರು ಕಾಣದ ಹಾಗೆ ಕೇಕನ್ನು ಕಿಟಕಿ ಕಡೆ ತಿರುಗಿಸಿ ಇನ್ನೊಂದು ಫೋಟೋ ತೆಗೆದೆ. ಅದನ್ನು ಆರತಿ ಮೇಡಂ ಅವರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಇಂಥ ಕೈ ಹಾಸನದಲ್ಲೇ ಇಲ್ಲ ಅಂತ ಮೇಡಂ ಬರೆದರು. ನೀವು ಮನೆ ಬಿಟ್ಟು ಹೋದ ಮೇಲೂ ಆ ಸಾಲನ್ನು ತೆರೆದು ತೆರೆದು ಓದಿದ್ದೇನೆ.

ನಿಮ್ಮ ಸಾವನ್ನು ನಾನು ಕನಸಿನಲ್ಲೂ ಬಯಸಿದವಳಲ್ಲ. ಆದರೆ ಅವತ್ತು ನಿಮ್ಮ ಮನಸ್ಸು ನೋಯುತ್ತದೆ ಅನ್ನುವುದಕ್ಕಿಂತ ನನ್ನ ಹೂವು ಮುರಿಯುತ್ತದೆ ಅನ್ನುವುದೇ ನನಗೆ ದೊಡ್ಡದಾಯಿತು. ತಪ್ಪು ಹಾರದ್ದಲ್ಲ, ನನ್ನದು. ಮಾಡಿದ್ದಕ್ಕಿಂತ ಹೆಚ್ಚಾಗಿ, ನೀವು ಬಾಯಿ ಬಿಟ್ಟು ಕೇಳಿದಾಗ ದೇವರ ಹೆಸರು ಹಿಡಿದು ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗುತ್ತಿದೆ.

ಇವತ್ತು ಬೆಳಿಗ್ಗೆ ನಿಮ್ಮ ಮಗನಿಗೂ ಎಲ್ಲವನ್ನೂ ಹೇಳಿದೆ. ತಟ್ಟೆಯ ಮುಂದಿನಿಂದ ಎದ್ದು ಶುಂಠಿ ಹೊಲಕ್ಕೆ ಹೋದರು. ಅವರ ಕೋಪವನ್ನು ನಾನು ನೋಡಿಕೊಳ್ಳುತ್ತೇನೆ. ಮನೆಗೆ ಬನ್ನಿ ಅಂತ ಕರೆಯುವ ಮುಖ ನನಗಿಲ್ಲ, ಆದರೂ ಕರೆಯುತ್ತಿದ್ದೇನೆ. ಬಂದು ಬಾಯಿ ತುಂಬ ಬೈಯಿರಿ. ನೀವು ಬೈಯದೆ ಹೋದದ್ದನ್ನು ತಾಳಲಾರೆ.

ಬೈಗುಳಕ್ಕಾಗಿ ಕಾದಿರುವ ನಿಮ್ಮ ಸೊಸೆ,
ಭವ್ಯಶ್ರೀ

ಮರೆತ ಮಾತು: ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ. ಈ ನಾಲ್ಕು ಸಾಲನ್ನು ಶಾಂತಿಗ್ರಾಮದಲ್ಲಿ, ಅನುಶ್ರೀ ಮನೆಯ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ನಾನು ಬಂದಿರುವುದು ಒಳಗೆ ಯಾರಿಗೂ ಗೊತ್ತಿಲ್ಲ. ನೀವು ಮಗಳಿಗೆ ಏನೋ ಹೇಳಿ ನಗುತ್ತಿದ್ದೀರಿ. ಮೂರು ವಾರವಾಗಿತ್ತು ಆ ನಗು ಕೇಳಿ. ಇದನ್ನು ಕೊಟ್ಟರೆ ಅದು ನಿಂತುಹೋಗುತ್ತದೆ ಅಂತ ಗೊತ್ತು, ಹರಿದು ಹಾಕಿ ವಾಪಸ್ ಬಸ್ಸು ಹತ್ತಲೇ ಅಂತಲೂ ಅನ್ನಿಸಿತು. ಆದರೂ ಬಾಗಿಲ ಸಂದಿಯಿಂದ ಒಳಗೆ ಹಾಕುತ್ತಿದ್ದೇನೆ. ನೀವು ಏನು ಓದಿದರೂ ಗಟ್ಟಿಯಾಗಿಯೇ ಓದುವವರು. ನಡುವೆ ನಿಲ್ಲಿಸಬೇಡಿ ಅತ್ತೆ, ನಾನು ಇಲ್ಲೇ ಕೇಳಿಸಿಕೊಳ್ಳುತ್ತಾ ಕೂತಿದ್ದೇನೆ.